ಓದುವವನು ಕೆಳಗೆ ನಿಂತಿರುತ್ತಾನೆ

ನಮ್ಮ ಮಾವನವರನ್ನು ಊರೆಲ್ಲ ಬೋರ್ಡಪ್ಪ ಅಂತಲೇ ಕರೆಯುತ್ತದೆ. ಐವತ್ತು ವರ್ಷ ಅಂಗಡಿಗಳ ಮೇಲೆ, ಶಾಲೆಯ ಗೋಡೆಗಳ ಮೇಲೆ, ಬಸ್ ನಿಲ್ದಾಣದ ನೆತ್ತಿಯ ಮೇಲೆ ಅಕ್ಷರ ಬರೆದವರು. ಯಂತ್ರದಲ್ಲಿ ಅಚ್ಚಾಗುವ ಪ್ಲಾಸ್ಟಿಕ್ ಬೋರ್ಡುಗಳು ಬಂದ ಮೇಲೆ ಕೆಲಸ ಹೋಯಿತು. ಹೋದ ವರ್ಷ ಬಲಗೈ ನಡುಗಲು ಶುರುವಾಯಿತು.

"ಇನ್ನು ನನ್ನ ಅಕ್ಷರ ನನ್ ಜೊತೇಲೇ ಹೋಗುತ್ತೆ ಬಿಡಮ್ಮಾ," ಅಂದರು. ನನಗೆ ರೇಗಿಹೋಯಿತು. ಹಾಗೆ ಹೋಗೋಕೆ ಬಿಡುವವಳೇ ನಾನು?

ನಾನು ಸಾರ್ವಜನಿಕ ಗ್ರಂಥಾಲಯದಲ್ಲಿ ಕೆಲಸ ಮಾಡುವವಳು. ಸರ್ಕಾರ ಹೊಸ ಕಲಾನೀತಿ ತಂದಾಗ ನಮ್ಮ ಹಳೇ ಪತ್ರಿಕೆಗಳ ಕೋಣೆ ಖಾಲಿ ಮಾಡಿಸಿ, ಮೂರು ಕಂಪ್ಯೂಟರು, ಒಂದು ಸ್ಕ್ಯಾನರು ಇಟ್ಟು, ಬಾಗಿಲಿಗೆ 'ಡಿಜಿಟಲ್ ಕೋಣೆ' ಅಂತ ಚೀಟಿ ಅಂಟಿಸಿದರು. ಕಂಪ್ಯೂಟರ್ ಮುಟ್ಟಿಯೇ ಗೊತ್ತಿಲ್ಲದ ಕಸುಬಿನವರೂ ಬಂದು, ತಮ್ಮ ಕೆಲಸವನ್ನು ಸರ್ಕಾರದ ಜಾಲತಾಣಕ್ಕೆ ಹಾಕಿಸಬಹುದು. ಹಾಕಿಕೊಡುವವಳು ನಾನು. ಬುಟ್ಟಿ ಹೆಣೆಯುವವರು, ಗೊಂಬೆ ಮಾಡುವವರು, ಲಾಲಿ ಹಾಡುವ ಒಬ್ಬ ಅಜ್ಜಿ, ಎಲ್ಲರೂ ನನ್ನ ಮುಂದೆ ಸಾಲಾಗಿ ಕೂರುತ್ತಿದ್ದರು. ನನಗೂ ಸ್ವಲ್ಪ ಜಂಬ ಬಂದಿತ್ತು, ಸುಳ್ಳೇಕೆ ಹೇಳಲಿ.

ಆ ನೀತಿಯಲ್ಲೇ ಒಂದು ಕರೆ ಬಂತು: ಸರ್ಕಾರಿ ಕಟ್ಟಡಗಳ ಬೋರ್ಡುಗಳಿಗೆಲ್ಲ ಒಬ್ಬ ಕಸುಬುದಾರರ ಕೈಬರಹವನ್ನು ಆರಿಸಿ, ಅದನ್ನು ಫಾಂಟ್ ಮಾಡಿ, ಅವರ ಹೆಸರಿನಲ್ಲೇ ಉಳಿಸುತ್ತಾರೆ. ಮಾವ ನಾಲ್ಕು ತಿಂಗಳು ಕೂತು ವರ್ಣಮಾಲೆ ಪೂರ್ತಿ ಬರೆದರು. ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದುಕೊಂಡು ಬರೆದರು. ನಡುಕದ ಒಂದು ಗೆರೆ ಬಂದರೂ ಹಾಳೆ ಹರಿದು ಮತ್ತೆ ಬರೆಯುತ್ತಿದ್ದರು.

ಸ್ಕ್ಯಾನ್ ಮಾಡಿ ಪರದೆಯ ಮೇಲೆ ನೋಡಿದರೆ, ಅಯ್ಯೋ, ಎಲ್ಲ ಅಕ್ಷರಕ್ಕೂ ತಲೆಕಟ್ಟು ದಪ್ಪ, ಹೊಟ್ಟೆ ಸಣ್ಣ. ಒತ್ತಕ್ಷರಗಳಂತೂ ಬಡಕಲು. ವಯಸ್ಸಾಯಿತು, ಕಣ್ಣು ಅಂದಾಜು ತಪ್ಪುತ್ತಿದೆ ಅಂದುಕೊಂಡೆ. ಕೇಳಿದರೆ ನೊಂದುಕೊಳ್ಳುತ್ತಾರೆ. ಸರಿ, ಊಟದ ಬಿಡುವಿನಲ್ಲಿ ಒಂದೊಂದೇ ಅಕ್ಷರದ ತಲೆ ಸಣ್ಣಗೆ ಮಾಡಿ, ಹೊಟ್ಟೆ ತುಂಬಿಸಿ, ಸಮ ಮಾಡಿದೆ. 'ಇದು ಕಲಾವಿದರ ಕೈಯದೇ' ಎಂಬ ಚೌಕಕ್ಕೆ ನಾನೇ ಗುರುತು ಹಾಕಿ ಕಳಿಸಿದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರಲ್ಲ, ಆ ದೊಣ್ಣೆ ನಾನೇ ಅಂತ ಆಗ ಗೊತ್ತಾಗಲಿಲ್ಲ.

ಮಾವನ ಅಕ್ಷರ ಮೊದಲ ಸುತ್ತಿನಲ್ಲಿ ಗೆದ್ದಿತು! ಪರೀಕ್ಷೆಗೆಂದು ಆಸ್ಪತ್ರೆಯ ಎರಡನೇ ಮಹಡಿಯ ಎತ್ತರದಲ್ಲಿ ಒಂದು ಬೋರ್ಡು ಹಾಕಿದರು: ಹೊರರೋಗಿಗಳ ವಿಭಾಗ. ನೋಡಲು ಮಾವನನ್ನು ಆಟೋದಲ್ಲಿ ಕರೆದುಕೊಂಡು ಹೋದೆ. ಸಂಸ್ಕೃತಿ ಇಲಾಖೆಯ ಅಧಿಕಾರಿಣಿ ಆಗಲೇ ಕತ್ತೆತ್ತಿ ನಿಂತಿದ್ದರು.

"ಯಾಕೋ ಅಕ್ಷರಗಳೆಲ್ಲ ಹಿಂದಕ್ಕೆ ಬೀಳೋ ಹಾಗೆ ಕಾಣ್ತಿವೆ," ಅಂದರು. ನಿಜ. ತಲೆಗಳು ಕುಗ್ಗಿ, ಹೊಟ್ಟೆಗಳು ಮುಂದೆ ಬಂದಿದ್ದವು. ದೂರದಿಂದ ಓದಲೂ ಕಷ್ಟ.

ಮಾವ ತುಂಬ ಹೊತ್ತು ನೋಡಿದರು. ಆಮೇಲೆ ಬಲಗೈಯನ್ನು ಜೇಬಿಗೆ ಇಳಿಸಿಕೊಂಡರು.

"ನನ್ ಕೈ ಹೋಯ್ತು ಮೇಡಂ. ನನಗೇ ಗೊತ್ತಾಗ್ಲಿಲ್ಲ. ಬೇರೆಯವರನ್ನ ನೋಡ್ಕೊಳಿ."

ಬಾಯಿ ಮುಚ್ಚಿಕೊಂಡಿದ್ದರೆ ನನ್ನ ಕೆಲಸ ಉಳಿಯುತ್ತಿತ್ತು. ಆದರೆ ಈ ಮನುಷ್ಯ ಇನ್ನು ಬದುಕಿರುವವರೆಗೂ ಬ್ರಷ್ ಮುಟ್ಟುತ್ತಿರಲಿಲ್ಲ.

"ನಿಮ್ಮ ಕೈಯಲ್ಲ ಮಾವ, ನನ್ನ ಕೈ!" ಅಂತ ಕೂಗಿಯೇ ಬಿಟ್ಟೆ. "ನಾನು ತಿದ್ದಿದೆ. ಪ್ರತಿಯೊಂದು ಅಕ್ಷರಾನೂ ತಿದ್ದಿದೆ."

ಅಧಿಕಾರಿಣಿಯ ಮುಖ ಬಿಗಿಯಾಯಿತು. "ಹಾಗಾದ್ರೆ ಅರ್ಜೀನೇ ಸುಳ್ಳಾಯ್ತಲ್ರೀ. ನಿಯಮದ ಪ್ರಕಾರ ವಜಾ."

ಮಾವ ನನ್ನನ್ನು ನೋಡಿದರು. ಬೈಯುತ್ತಾರೆ ಅಂದುಕೊಂಡೆ. ಅವರ ಮುಖ ಅರಳಿತ್ತು. "ಅಂದ್ರೆ ನನ್ ಕೈ ಸರಿ ಇದೆ?" ಅಂದರು. ಆಮೇಲೆ ಬೈದರು. "ಅಲ್ಲ ಕಣಮ್ಮಾ, ಓದೋನು ಏಣಿ ಮೇಲೆ ನಿಂತಿರ್ತಾನಾ? ಬೀದೀಲಿ ನಿಂತಿರ್ತಾನೆ! ಮೇಲಿನ ಭಾಗ ಅವನಿಂದ ದೂರ. ದೂರದ್ದು ಸಣ್ಣ ಕಾಣುತ್ತೆ ಅಂತ ತಲೆ ದಪ್ಪ ಬರೀತೀವಿ. ಇಷ್ಟು ವರ್ಷ ನಮ್ಮನೇಲಿದೀಯ, ಒಂದ್ ಮಾತು ಕೇಳಬಾರದಾ?"

ನೆಲ ಬಿರಿದು ನುಂಗಬಾರದೇ ಅನಿಸಿತು. ಮಾವ ಔಷಧಿ ಡಬ್ಬದ ಒಂದು ದೊಡ್ಡ ರಟ್ಟು, ಬಣ್ಣ, ಬ್ರಷ್ ತರಿಸಿದರು. ಮೆಟ್ಟಿಲ ಮೇಲೆ ಕೂತು, ಮಣಿಕಟ್ಟು ಹಿಡಿದು, ಬೋರ್ಡಿನಲ್ಲಿದ್ದಷ್ಟೇ ಎತ್ತರದ ಒಂದು 'ಹೊ' ಬರೆದರು. ಹತ್ತಿರದಿಂದ ಅದು ತಲೆಭಾರದ ಅಕ್ಷರವೇ. ಬೋರ್ಡು ಹಾಕಿದ್ದ ಕೆಲಸಗಾರ ಅದನ್ನು ಹಿಡಿದು ಏಣಿ ಹತ್ತಿ, ನಾನು ತಿದ್ದಿದ 'ಹೊ' ಪಕ್ಕದಲ್ಲಿಟ್ಟ.

ರಟ್ಟಿನ ಅಕ್ಷರ ನೆಟ್ಟಗೆ ನಿಂತಿತ್ತು. ನನ್ನದು ಪಕ್ಕದಲ್ಲಿ ಮಲಗಿತ್ತು. ಅಧಿಕಾರಿಣಿ ಹಿಂದೆ ಹಿಂದೆ ನಡೆದು ರಸ್ತೆಯಾಚೆಗೂ ಹೋಗಿ ನೋಡಿದರು. ವಾಪಸು ಬಂದು ನನ್ನ ಕಡೆ ತಿರುಗಿದರು.

"ಮೊದಲಿನ ಸ್ಕ್ಯಾನ್ ಇದೆಯಾ, ಅಳಿಸಿಬಿಟ್ರಾ?"

"ಇದೆ ಮೇಡಂ."

"ಇವತ್ತು ಐದು ಗಂಟೆ ಒಳಗೆ ಹಾಕಿ. ಪರೀಕ್ಷೆ ಮಾಡೋದೇ ತಪ್ಪು ಸಿಗ್ಲಿ ಅಂತ. ಆದ್ರೆ ನೀವು ಮಾಡಿದ್ದನ್ನ ನಾನು ವರದೀಲಿ ಬರೀತೀನಿ."

"ಬರೀರಿ," ಅಂದೆ.

ನಾಲ್ಕೂವರೆಗೇ ಹಾಕಿದೆ. ಈಗ ಆಸ್ಪತ್ರೆ, ಶಾಲೆ, ನೀರಿನ ಕಚೇರಿ, ಎಲ್ಲ ಕಡೆಯೂ ಮಾವನ ಅಕ್ಷರ ನೆಟ್ಟಗೆ ನಿಂತಿದೆ. ಫಾಂಟಿನ ಹೆಸರು 'ಬೋರ್ಡಪ್ಪ'. ನಡೆದಾಡಲು ಹೋದಾಗ ಮಾವ ಪ್ರತಿ ಬೋರ್ಡಿನ ಕೆಳಗೂ ನಿಲ್ಲುತ್ತಾರೆ. ಹಾಗಾಗಿ ಹಾಲು ತರಲು ಹೋದವರು ಬರುವುದಕ್ಕೆ ಒಂದು ಗಂಟೆ ಬೇಕು.

ಅಧಿಕಾರಿಣಿಯೂ ಮಾತು ತಪ್ಪಲಿಲ್ಲ. ಅವರ ವರದಿಯ ಮೇಲೆ ನೀತಿಗೆ ಒಂದು ಹೊಸ ಸಾಲು ಸೇರಿತು. ಎಲ್ಲ ಗ್ರಂಥಾಲಯಗಳ ಡಿಜಿಟಲ್ ಕೋಣೆಯಲ್ಲೂ ಅದನ್ನು ಮೇಲುಗಡೆ ತೂಗುಹಾಕಿದ್ದಾರೆ: 'ಕಲಾವಿದರನ್ನು ಕೇಳದೆ ಅವರ ಕೆಲಸವನ್ನು ತಿದ್ದಬಾರದು.' ನನ್ನ ಕುರ್ಚಿಯ ನೆತ್ತಿಯ ಮೇಲೂ ಒಂದಿದೆ, ದಪ್ಪ ತಲೆಕಟ್ಟಿನ ಅಕ್ಷರಗಳಲ್ಲಿ. ಬಂದವರು ಕತ್ತೆತ್ತಿ ಓದಿ, ಎಷ್ಟು ಚೆನ್ನಾಗಿದೆ, ಯಾರದ್ದು ಅಂತ ಕೇಳುತ್ತಾರೆ.

ನಾನು ಎದೆಯುಬ್ಬಿಸಿಯೇ ಹೇಳುತ್ತೇನೆ, "ಅಕ್ಷರ ನಮ್ಮ ಮಾವನವರದು. ತಪ್ಪು ನನ್ನದು."