ಒತ್ತಿದವರೆಲ್ಲ ನಮ್ಮವರೇ

ನಮ್ಮ ಯಜಮಾನರು ಬಾಯಲ್ಲಿ ಮೊಳೆ ಇಟ್ಟುಕೊಂಡೇ ಕೆಲಸ ಮಾಡುವುದು. ಹಳೆಯ ಸೋಫಾ, ಕುರ್ಚಿಗಳಿಗೆ ಹೊಸ ಬಟ್ಟೆ ಎಳೆದು ಹಿಡಿದು ಸುತ್ತ ಮೊಳೆ ಹೊಡೆಯುವಾಗ ಎರಡು ಕೈ ಸಾಲುವುದಿಲ್ಲವಲ್ಲ, ಅದಕ್ಕೆ. ನಮ್ಮ ಸಂಸಾರದಲ್ಲಿ ಜಗಳ ಕಡಿಮೆ ಇರುವುದಕ್ಕೆ ಆ ಮೊಳೆಗಳೇ ಕಾರಣ ಎಂದು ಅತ್ತೆ ಹೇಳುತ್ತಾರೆ. ಇಬ್ಬರ ಪಾಲಿನ ಮಾತನ್ನೂ ನಾನೇ ಆಡಿ ಮುಗಿಸುತ್ತೇನೆ.

ಅಂಗಡಿ ಮಾವನವರದು. ಅವರು ಹೋದ ಮೇಲೆ ಅಣ್ಣತಮ್ಮಂದಿರ ನಡುವೆ ಮಾತಿಗೆ ಮಾತು ಬೆಳೆಯಿತು. ಹಳೆ ಕುರ್ಚಿ ರಿಪೇರಿ ಮಾಡಿಸುವ ಕಾಲ ಮುಗಿಯಿತು, ಈ ಅಂಗಡಿ ವರ್ಷ ಬಾಳುವುದಿಲ್ಲ ಎಂದು ಹೇಳಿ ಭಾವ ದೂರದ ಊರಿಗೆ ಹೋಗಿ ಹೊಸ ಸೋಫಾಗಳ ಶೋರೂಮ್ ತೆರೆದರು. ಅವತ್ತಿನಿಂದ ಇಬ್ಬರಿಗೂ ಮಾತಿಲ್ಲ. ವರ್ಷಗಳೇನೋ ಕಳೆದವು, ಅಂಗಡಿಯೂ ಬಾಳಿತು. ಆದರೆ ಈಚೆಗೆ ನೊಣ ಹೊಡೆಯುವುದೇ ಕೆಲಸವಾಗಿತ್ತು. ಅದು ಅವರ ಕಿವಿಗೆ ಹೇಗೆ ಬಿತ್ತೋ, ಶೋರೂಮಿನಲ್ಲಿ ಬಿಲ್ ಬರೆಯುವ ಜಾಗ ಖಾಲಿ ಇದೆ, ಬೇಕಾದರೆ ಬರಲಿ ಎಂದು ಅತ್ತೆಯ ಮೂಲಕ ಹೇಳಿ ಕಳಿಸಿದರು. ಈ ತಿಂಗಳೂ ಹೀಗೇ ಆದರೆ ಹೋಗುವುದೇ ಸರಿ ಎಂದು ಯಜಮಾನರು ತಲೆಯಾಡಿಸಿಬಿಟ್ಟರು. ಸುತ್ತಿಗೆ ಹಿಡಿದ ಕೈ ಅಣ್ಣನ ಮುಂದೆ ಪೆನ್ನು ಹಿಡಿದು ಕೂರುವುದು ನೆನೆದೇ ನನಗೆ ಹೊಟ್ಟೆ ಉರಿದುಹೋಯಿತು.

ಆಗ ನನ್ನ ತಮ್ಮ ಬಂದ. ಅವನನ್ನು ಮನೆಯಲ್ಲಿ ತಜ್ಞ ಎನ್ನುತ್ತೇವೆ; ಯಾವುದರ ತಜ್ಞ ಎಂಬುದು ಆಗಾಗ ಬದಲಾಗುತ್ತಿರುತ್ತದೆ. ಆ ಸಲ ಅಂತರ್ಜಾಲದ್ದು. ನಮಗೊಂದು ವೆಬ್‌ಸೈಟ್ ಮಾಡಿಕೊಟ್ಟ. ತೆರೆದ ಕೂಡಲೇ ದೊಡ್ಡ ಅಕ್ಷರದಲ್ಲಿ, ‘ನಾವು ಆಸನಗಳನ್ನಲ್ಲ, ಅನುಭವಗಳನ್ನು ಹೊಲಿಯುತ್ತೇವೆ’ ಎಂದಿತ್ತು. ಯಜಮಾನರು ಎರಡು ಸಲ ಓದಿ, ಬಾಯಿಂದ ಮೊಳೆ ತೆಗೆದು, ನಾವು ಹೊಲಿಯುವುದು ರೆಕ್ಸಿನ್ ಅಲ್ಲವೇ ಎಂದು ಕೇಳಿ, ಮತ್ತೆ ಮೊಳೆ ಇಟ್ಟುಕೊಂಡರು.

ಆದರೆ ಅನುಭವ ಹೊಲಿಸಿಕೊಳ್ಳಲು ಯಾರೂ ಬರಲಿಲ್ಲ. ಹುಡುಕಿದರೆ ನಮ್ಮ ಹೆಸರು ಮೊದಲ ಪುಟದಲ್ಲೂ ಇಲ್ಲ, ಹತ್ತನೆಯದರಲ್ಲೂ ಇಲ್ಲ. ಕೊನೆಗೆ ತಜ್ಞ, ಜಾಹೀರಾತು ಕೊಡೋಣ ಎಂದ. ದುಡ್ಡು ಕಟ್ಟಿದರೆ ‘ಕುರ್ಚಿ ರಿಪೇರಿ’ ಎಂದು ಯಾರು ಹುಡುಕಿದರೂ ನಮ್ಮ ಹೆಸರೇ ಮೇಲೆ ಬರುತ್ತದಂತೆ. ಯಾರಾದರೂ ಹೆಸರಿನ ಮೇಲೆ ಒತ್ತಿದಾಗಲೆಲ್ಲ ಒಂದು ಲೋಟ ಟೀಯಷ್ಟು ದುಡ್ಡು ಕಡಿತ. ಆ ದಿನಕ್ಕೆ ಇಟ್ಟ ದುಡ್ಡು ಮುಗಿದರೆ ಮಾರನೆಯ ದಿನದವರೆಗೆ ಜಾಹೀರಾತು ಮಾಯ. ಯಾವ ಊರಲ್ಲಿ ಕಾಣಿಸಬೇಕು ಎಂಬ ಪ್ರಶ್ನೆಗೆ ಅವನು, ಎಲ್ಲ ಊರಲ್ಲೂ, ಪ್ರಪಂಚವೇ ನಮ್ಮ ಮಾರುಕಟ್ಟೆ ಎಂದ. ಕಷ್ಟಕ್ಕಿರಲಿ ಎಂದು ಮುಚ್ಚಿಟ್ಟದ್ದನ್ನೆಲ್ಲ ನಾನು ಸುರಿದೆ.

ಮಾರನೆಯ ಬೆಳಿಗ್ಗೆ ಹುಡುಕಿ ನೋಡಿದರೆ, ನಿಜವಾಗಿಯೂ ನಾವೇ ಮೊದಲು. ಸಂತೋಷ ತಡೆಯಲಾಗದೆ ನೆಂಟರಿಗೆಲ್ಲ ಫೋನ್ ಮಾಡಿ, ಹುಡುಕಿ, ಒತ್ತಿ ನೋಡಿ ಎಂದೆ. ಅವರೂ ಪಾಪ, ಒತ್ತಿದರು. ಒಂದು ಸಲಕ್ಕೆ ಬಿಡುವ ಜನವೇ? ಅತ್ತೆ ಹಲ್ಲುಜ್ಜಿದ ಕೂಡಲೇ ಒತ್ತುತ್ತಿದ್ದರು. ನನ್ನ ಚಿಕ್ಕಮ್ಮ ಒತ್ತಿದ ಮೇಲೆ ಫೋನ್ ಮಾಡಿ, ಅಂಗಡಿಯಲ್ಲಿ ಸದ್ದಾಯಿತೇ ಎಂದು ವಿಚಾರಿಸುತ್ತಿದ್ದಳು. ನಾದಿನಿ ತನ್ನ ಆಫೀಸಿನವರ ಕೈಯಲ್ಲೂ ಒತ್ತಿಸಿದಳಂತೆ. ನಾನೂ ದಿನಾ ಒತ್ತುತ್ತಿದ್ದೆ. ನಮ್ಮದೇ ಅಂಗಡಿ, ನಾನೇ ನೋಡದಿದ್ದರೆ ಹೇಗೆ?

ತಜ್ಞ ಸಂಜೆ ಬಂದು, ಜನ ಮುಗಿಬೀಳುತ್ತಿದ್ದಾರೆ, ಮಧ್ಯಾಹ್ನದೊಳಗೇ ದುಡ್ಡು ಖಾಲಿ ಎಂದು ಬೀಗಿದ. ಮುಗಿಬಿದ್ದ ಜನರಲ್ಲಿ ಒಬ್ಬನಾದರೂ ಮೆಟ್ಟಿಲು ಹತ್ತಬೇಡವೇ? ಯಜಮಾನರು ಅಂಗಡಿಯ ಒಂದೇ ಕುರ್ಚಿಯನ್ನು ಬಿಚ್ಚಿ ಮತ್ತೆ ಹೊಲಿಯುತ್ತ ಕೂತಿದ್ದರು. ಅದು ನಮ್ಮದೇ ಕುರ್ಚಿ. ತಿಂಗಳು ಮುಗಿಯುತ್ತ ಬಂದಿತ್ತು.

ಒತ್ತಿದವರು ಯಾವ ಊರಿನವರು ತೋರಿಸು ಎಂದೆ. ಅವನು ಪರದೆ ತೋರಿಸಿದ. ಮೇಲಿನಿಂದ ಓದಿದೆ: ಚಿಕ್ಕಮ್ಮನ ಊರು, ನಾದಿನಿಯ ಊರು, ಸೋದರಮಾವನ ಊರು. ನಮ್ಮ ಊರಿನದೂ ಇತ್ತು. ಅದು ಅತ್ತೆ ಮತ್ತು ನಾನು.

“ಇವರೇನೋ ಗಿರಾಕಿಗಳು? ನನ್ನ ಮದುವೆಗೆ ಬಂದೋರೆಲ್ಲ ಇಲ್ಲೇ ಇದಾರಲ್ಲೋ!”

ತಜ್ಞ ಕನ್ನಡಕ ಒರೆಸಿಕೊಂಡ. ಯಜಮಾನರು ನಕ್ಕರು. ಮೊಳೆಗಳ ನಡುವೆ ಅದು ಕೆಮ್ಮಿದ ಹಾಗೆ ಕೇಳಿಸಿತು. ನಗುವ ಹೊತ್ತೇ ಇದು ಎಂದು ಅವರ ಮೇಲೂ ರೇಗಿದೆ.

ಅವತ್ತೇ ಎಲ್ಲರಿಗೂ ಫೋನ್ ಮಾಡಿದೆ. ಒತ್ತಿ ಎನ್ನುವುದು ಸುಲಭ, ಒತ್ತಬೇಡಿ ಎನ್ನುವುದು ಬಲು ಕಷ್ಟ. ಚಿಕ್ಕಮ್ಮ, ನಾವು ಬೇಡವಾದೆವಾ ಎಂದು ಕಣ್ಣೀರು ಹಾಕಿದಳು. ಅತ್ತೆ ಎರಡು ದಿನ ಮುಖ ಊದಿಸಿಕೊಂಡರು. ಹೇಗೋ ನಿಂತಿತು. ಜಾಹೀರಾತು ಸಂಜೆಯವರೆಗೂ ಉಸಿರಾಡತೊಡಗಿತು. ಮೂರನೆಯ ದಿನ ನಮ್ಮೂರ ಹಲ್ಲಿನ ಡಾಕ್ಟರರ ಕ್ಲಿನಿಕ್ಕಿನಿಂದ ಫೋನ್ ಬಂತು: ಸರದಿ ಕಾಯುವವರು ಭಯದಲ್ಲಿ ಕುರ್ಚಿಗಳ ಬಟ್ಟೆಯನ್ನೆಲ್ಲ ಕಿತ್ತುಹಾಕಿದ್ದಾರೆ, ಸದ್ಯಕ್ಕೆ ಒಂದನ್ನು ಕಳಿಸುತ್ತೇವೆ, ಚೆನ್ನಾಗಿ ಬಂದರೆ ಉಳಿದದ್ದೆಲ್ಲ ನಿಮಗೇ.

ಆದರೆ ಒಂದು ಊರು ಮಾತ್ರ ಪರದೆಯಿಂದ ಹೋಗಲಿಲ್ಲ. ದಿನಾ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೆ ಅಲ್ಲಿಂದ ಒಂದೇ ಒಂದು ಸಲ ಒತ್ತುತ್ತಿದ್ದರು. ಆ ಊರಲ್ಲಿ ನಮಗೆ ಗೊತ್ತಿರುವವರು ಒಬ್ಬರೇ, ಭಾವ. ಅವರಿಗೆ ಯಾರೂ ಈ ವಿಷಯ ಹೇಳಿರಲಿಲ್ಲ. ಇದು ಎದುರಾಳಿಗಳು ಬೇಕಂತಲೇ ಮಾಡುವುದು, ದುಡ್ಡು ಪೋಲು ಮಾಡಿಸಲಿಕ್ಕೆ ಎಂದ ತಜ್ಞ. ನನ್ನ ಮೈಯೆಲ್ಲ ಉರಿಯಿತು. ಬಿಲ್ ಬರೆಯಲು ಕರೆದದ್ದು ಸಾಲದೆ, ಇರುವ ಬಾಗಿಲನ್ನೂ ಮುಚ್ಚಿಸಬೇಕೇ ಇವರಿಗೆ? ಯಜಮಾನರು ಬೇಡ ಎಂದು ಕೈಯಾಡಿಸಿದರು. ನಾನು ಕೇಳಲಿಲ್ಲ. ಆ ಊರಿಗೆ ನಮ್ಮ ಜಾಹೀರಾತು ಕಾಣದ ಹಾಗೆ ಮಾಡಿಸಿದೆ. ಅವತ್ತು ರಾತ್ರಿ ಸುಖವಾಗಿ ನಿದ್ದೆ ಬಂತು.

ಬೆಳಿಗ್ಗೆ ಯಜಮಾನರು ಡಾಕ್ಟರರ ಕುರ್ಚಿಗೆ ಬಟ್ಟೆ ಎಳೆಯುತ್ತಿದ್ದರು. ಅಂಗಡಿಯ ಫೋನ್ ಹೊಡೆದುಕೊಂಡಿತು. ಗಿರಾಕಿ ಎಂದುಕೊಂಡು ಬೆಣ್ಣೆಯಂಥ ದನಿಯಲ್ಲಿ ಹಲೋ ಎಂದೆ.

“ಅಂಗಡಿ ಮುಚ್ಚಿಬಿಟ್ರಾ?”

ಇಷ್ಟು ವರ್ಷವಾದರೂ ಆ ದನಿ ಗುರುತು ಸಿಕ್ಕಿತು. ಬೈಯಲು ಮಾತುಗಳನ್ನು ಜೋಡಿಸಿಯೇ ಇಟ್ಟಿದ್ದೆ. ಅಷ್ಟರಲ್ಲಿ ಭಾವನೇ ಮುಂದುವರಿಸಿದರು.

“ದಿನಾ ಶೋರೂಮ್ ತೆಗೆಯೋಕೆ ಮುಂಚೆ ‘ಕುರ್ಚಿ ರಿಪೇರಿ’ ಅಂತ ಹುಡುಕಿ ನೋಡ್ತೀನಮ್ಮ. ಹಳೇ ಚಾಳಿ. ಈಚೆಗೆ ಮೊದಲನೇ ಹೆಸರೇ ನಿಮ್ದು ಬರ್ತಿತ್ತು, ಒತ್ತಿದ್ರೆ ಅಪ್ಪನ ಅಂಗಡಿ ಫೋಟೋ. ಇವತ್ತು ಎಷ್ಟು ಕೆಳಗೆ ಹೋದ್ರೂ ಇಲ್ಲ. ಎದೆ ಧಸಕ್ ಅಂತು.”

ನನಗೆ ನಾಚಿಕೆಯಾಯಿತು. ದಿನಾ ಬಂದು ಬಾಗಿಲಲ್ಲಿ ಇಣುಕಿ ಹೋಗುತ್ತಿದ್ದವರ ಮುಖಕ್ಕೆ ಬಾಗಿಲು ಹಾಕಿದ್ದೆ.

“ಮುಚ್ಚಿಲ್ಲ ಭಾವ. ತೆಗೆದಿದೆ. ಕೆಲಸ ಬಂದಿದೆ, ಇವ್ರಿಗೆ ಪುರುಸೊತ್ತಿಲ್ಲ.”

ಅತ್ತ ಕಡೆ ಅವರು ಉಸಿರು ಬಿಟ್ಟದ್ದು ಕೇಳಿಸಿತು. ಮುಚ್ಚಬೇಡಿ, ಬಿಲ್ ಬರೆಯೋಕೆ ಯಾರಾದರೂ ಸಿಗ್ತಾರೆ ಎಂದರು. ಇನ್ನು ಮೇಲೆ ಒತ್ತಬೇಡಿ, ಫೋನೇ ಮಾಡಿ, ಒಂದೊಂದು ಸಲಕ್ಕೂ ನಮಗೆ ದುಡ್ಡು ಹೋಗುತ್ತದೆ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಫೋನನ್ನು ಯಜಮಾನರ ಮುಂದೆ ಹಿಡಿದೆ. ಅವರು ನನ್ನ ಮುಖ ನೋಡಿದರು. ಆಮೇಲೆ ಮೊಳೆಗಳನ್ನು ಒಂದೊಂದಾಗಿ ಅಂಗೈಗೆ ತೆಗೆದುಕೊಂಡರು. ಅಷ್ಟನ್ನೂ ತೆಗೆದದ್ದನ್ನು ನಾನು ಊಟದ ಹೊತ್ತಿನಲ್ಲಿ ಮಾತ್ರ ನೋಡಿದ್ದು.

“ಅಣ್ಣ,” ಎಂದರು.

“ಇನ್ನೂ ಬಾಯಲ್ಲಿ ಮೊಳೆ ಇಟ್ಕೋತೀಯೇನೋ?” ಎಂದು ಭಾವ ಗದರಿದ್ದು ನನ್ನವರೆಗೂ ಕೇಳಿಸಿತು.

ಸಂಜೆ ತಜ್ಞನಿಗೆ ಆ ಊರನ್ನು ಮತ್ತೆ ಸೇರಿಸು ಎಂದೆ. ಅಲ್ಲಿಂದ ಗಿರಾಕಿ ಬರಲ್ಲ, ದುಡ್ಡು ದಂಡ ಎಂದ. ಮನೆಗೆ ಬಂದವರಿಗೆ ಒಂದು ಲೋಟ ಟೀ ಕೊಡುವುದೂ ದಂಡವೇನೋ ಎಂದು ಬಾಯಿ ಮುಚ್ಚಿಸಿದೆ.

ಈಗ ದಿನಾ ಬೆಳಿಗ್ಗೆ ಪರದೆ ನೋಡುತ್ತೇನೆ. ಗಿರಾಕಿಗಳು ಒಂದು ದಿನ ಬರುತ್ತಾರೆ, ಒಂದು ದಿನ ಬರುವುದಿಲ್ಲ. ದುಡ್ಡು ಕೊಟ್ಟು ಕರೆಸಿಕೊಂಡವರಲ್ಲಿ ದಿನವೂ ತಪ್ಪದೆ ಬರುವವರು ನಮ್ಮ ಭಾವ ಒಬ್ಬರೇ.