ರಾಯಭಾರಿ ನೆಲಕ್ಕೆ ಕಿವಿಗೊಟ್ಟದ್ದು

ಯೆಮೆನ್ ದೇಶದ ರಾಯಭಾರಿ ಡಾ. ಫಾರಿಸ್ ಬಾಸಲೀಮ್ ನೈರೋಬಿಗೆ ಬಂದದ್ದು ಬಡ್ತಿಯ ಮೇಲೆ ಎಂದು ಸರ್ಕಾರಿ ಆದೇಶ ಹೇಳುತ್ತಿತ್ತು. ನಡೆದದ್ದೇ ಬೇರೆ. ಸನಾ ನಗರದಲ್ಲಿ ಅಂತರ್ಜಲದ ಪಾಠ ಹೇಳುತ್ತಿದ್ದ ಈ ಮೇಷ್ಟ್ರು, ರಾಜಧಾನಿಯ ನೆಲದಡಿಯ ನೀರು ಬರಿದಾಗುತ್ತಿದೆ, ಆಳುವವರು ಕಣ್ಣು ಮುಚ್ಚಿ ಕೂತಿದ್ದಾರೆ ಎಂದು ಪತ್ರಿಕೆಗಳಲ್ಲಿ ಬರೆದು ಬರೆದು ಮಂತ್ರಿಗಳ ತಲೆ ತಿಂದಿದ್ದರು. ಗದರಿಸಿದರೆ ಹೆಸರು ಮಾಡುತ್ತಾರೆ, ಬಿಟ್ಟರೆ ಇನ್ನಷ್ಟು ಬರೆಯುತ್ತಾರೆ. ಕೊನೆಗೆ ಹಾರ ಹಾಕಿ ಆಫ್ರಿಕಾದ ವಿಮಾನ ಹತ್ತಿಸಿದರು.

ಇದನ್ನು ಅವರೇ ನಗುತ್ತ ಕಾತ್ಯಾಯಿನಿಗೆ ಹೇಳಿದ್ದರು. ಮೈಸೂರಿನ ಕಾತ್ಯಾಯಿನಿ ನೈರೋಬಿಯ ಮುಥೈಗಾ ಬಡಾವಣೆಯಲ್ಲಿದ್ದ ಅವರ ಕಚೇರಿಯಲ್ಲಿ ಇಂಗ್ಲಿಷ್ ವ್ಯವಹಾರ ನೋಡಿಕೊಳ್ಳುವ ಕಾರ್ಯದರ್ಶಿ. ಮೊದಲ ದಿನ ‘ಯುವರ್ ಎಕ್ಸಲೆನ್ಸಿ’ ಎಂದಿದ್ದಕ್ಕೆ ಅವರು ಹುಳಿ ತಿಂದವರ ಹಾಗೆ ಮುಖ ಮಾಡಿದ್ದರು. ಅಂದಿನಿಂದ ಅವಳಿಗೆ ಅವರು ಪ್ರೊಫೆಸರ್, ಅವರಿಗೆ ಅವಳು ಮೇಡಂ ಕಾತ್ಯಾ. ಔತಣಕೂಟಗಳಲ್ಲಿ ಅವರು ಪಂಜರದ ಗಿಣಿಯಂತೆ ಇರುತ್ತಿದ್ದರು. ಯಾರಾದರೂ ತಪ್ಪಿ ಮಳೆಯ ಮಾತೆತ್ತಿದರೆ ಮಾತ್ರ ಕಣ್ಣು ಹೊಳೆಯುತ್ತಿತ್ತು. ಮಾತೆತ್ತಿದವರಿಗೆ ಆಮೇಲೆ ಊಟದ ಮೇಜಿನ ತನಕ ತಪ್ಪಿಸಿಕೊಳ್ಳಲು ಆಗುತ್ತಿರಲಿಲ್ಲ.

ಕಾತ್ಯಾಯಿನಿಯ ಗಂಡ ಉಮಾಶಂಕರ ಇಂಡಸ್ಟ್ರಿಯಲ್ ಏರಿಯಾದ ಔಷಧಿ ಕಾರ್ಖಾನೆಯೊಂದರಲ್ಲಿ ಪ್ರೊಡಕ್ಷನ್ ಮ್ಯಾನೇಜರ್. ಒಂದು ಮಂಗಳವಾರ ಅವನ ಫೋನ್ ಬಂತು.

“ಕಾತ್ಯಾಯಿನಿ, ಬೋರ್‌ವೆಲ್ ನೀರು ಮತ್ತೆ ವಾಸನೆ ಹೊಡೀತಿದೆ ಕಣೇ. ಸಿರಪ್ ಲೈನ್ ಪೂರ್ತಿ ಬಂದ್. ಕನ್ಸಲ್ಟೆಂಟ್ ಬಂದು, ಈ ಬೋರು ಮುಗೀತು, ಬೇರೆ ಕಡೆ ಕೊರೆಸಿ ಅಂತಾನೆ. ಎಲ್ಲಿ ಅಂತ ಕೊರೆಸಲಿ ಹೇಳು?”

“ರೀ, ನಮ್ಮ ಪ್ರೊಫೆಸರ್‌ನ ಒಂದು ಮಾತು ಕೇಳಲಾ?” ಎಂದು ಬಾಯಿತಪ್ಪಿ ಅಂದುಬಿಟ್ಟಳು.

ಬಾಸಲೀಮ್ ಅವರು ಆಗ ತಾನೇ ಒಂದು ಔತಣಕ್ಕೆಂದು ಕಪ್ಪು ಸೂಟು ತೊಟ್ಟು ಹೊರಬರುತ್ತಿದ್ದರು. ಬಾಗಿಲಲ್ಲೇ ನಿಂತು ವಿಷಯ ಕೇಳಿದರು. “ವಾಸನೆ ಯಾವಾಗ ಜಾಸ್ತಿ? ಬೆಳಿಗ್ಗೆಯೋ, ಸಂಜೆಯೋ? ಕೇಳಿ, ಕೇಳಿ!”

ಕಾತ್ಯಾಯಿನಿ ಗಂಡನನ್ನು ಕೇಳಿದಳು. ಬೆಳಿಗ್ಗೆ ಜಾಸ್ತಿ, ಪಂಪು ಓಡುತ್ತಾ ಓಡುತ್ತಾ ಕಡಿಮೆಯಾಗುತ್ತದೆ, ರಜೆ ಕಳೆದ ಸೋಮವಾರವಂತೂ ಮೂಗು ಮುಚ್ಚದೆ ನಿಲ್ಲುವ ಹಾಗಿಲ್ಲ ಎಂದ ಉಮಾಶಂಕರ.

ಪ್ರೊಫೆಸರ್ ಮುಖ ಹಬ್ಬದ ಮನೆಯಂತಾಯಿತು. “ಔತಣದವರಿಗೆ ನನಗೆ ಹೊಟ್ಟೆ ಸರಿಯಿಲ್ಲ ಅಂತ ಹೇಳಿಬಿಡಿ. ಬನ್ನಿ, ಹೋಗೋಣ!”

ಇಂಡಸ್ಟ್ರಿಯಲ್ ಏರಿಯಾದ ಲಾರಿಗಳಿಗೆ ರಾಯಭಾರಿಯೂ ಒಂದೇ, ಜನ ತುಂಬಿ ಓಡುವ ಮಟಾಟು ವ್ಯಾನೂ ಒಂದೇ. ಬಾವುಟ ಕಟ್ಟಿದ ಕರಿ ಕಾರು ಸಿಮೆಂಟು ಲಾರಿಗಳ ನಡುವೆ ಸಿಕ್ಕಿಕೊಂಡು ಕದಲಲಿಲ್ಲ. ಜಾಮ್‌ನ ಚಿತ್ರ ತೆಗೆಯಲು ಬಂದಿದ್ದ ಪತ್ರಿಕೆಯ ಫೋಟೋಗ್ರಾಫರ್ ಒಬ್ಬ ಆ ಬಾವುಟ ನೋಡಿ ಹತ್ತಿರ ಬಂದ. ಪ್ರೊಫೆಸರ್ ಅವನನ್ನು ಗಮನಿಸಲೂ ಇಲ್ಲ. ಡ್ರೈವರಿಗೆ ಸ್ವಾಹಿಲಿಯಲ್ಲಿ “ಅಸಾಂಟೆ” ಎಂದು ಥ್ಯಾಂಕ್ಸ್ ಹೇಳಿದವರೇ ಇಳಿದು ಬಿರಬಿರನೆ ನಡೆದರು. ಹಿಂದೆ ಸೀರೆಯ ನೆರಿಗೆ ಎತ್ತಿ ಹಿಡಿದ ಕಾತ್ಯಾಯಿನಿ, ಅವಳ ಹಿಂದೆ ಕ್ಯಾಮರಾದವನು.

ಕಾರ್ಖಾನೆಯ ಹಿತ್ತಲಿನಲ್ಲಿ ಪಂಪು ನಿಲ್ಲಿಸಿ, ಬೋರಿನ ಮುಚ್ಚಳ ತೆಗೆಸಿದರು. ಮರುಕ್ಷಣ ಕಾತ್ಯಾಯಿನಿ ನೋಡುತ್ತಾಳೆ, ಯೆಮೆನ್ ದೇಶದ ರಾಯಭಾರಿ ತಮ್ಮ ಕಪ್ಪು ಸೂಟಿನಲ್ಲೇ ಕೆಸರಿನ ಮೇಲೆ ಬೋರಲು ಮಲಗಿ, ಪೈಪಿನ ಬಾಯಿಗೆ ಕಿವಿಯಿಟ್ಟಿದ್ದರು!

“ಶ್‌! ಎಲ್ಲ ಸುಮ್ಮನಿರಿ.”

ಫೋರ್ಕ್‌ಲಿಫ್ಟಿನವನೂ ಯಂತ್ರ ನಿಲ್ಲಿಸಿದ. ಸ್ವಲ್ಪ ಹೊತ್ತಾದ ಮೇಲೆ ಅವರು ಉಮಾಶಂಕರನ ತೋಳು ಹಿಡಿದು ತಮ್ಮ ಪಕ್ಕಕ್ಕೆ ಎಳೆದರು. ಅವನೂ ಮಲಗಿ ಕಿವಿಗೊಟ್ಟ. ಒಳಗೆ ಎಲ್ಲೋ ತೊಟ್ ತೊಟ್ ಎಂದು ಹನಿ ಬೀಳುತ್ತಿತ್ತು.

“ಕೇಳಿಸಿತೇ? ಕೆಳಗಿನ ನೀರು ಬಂಗಾರ. ಮೇಲೆಲ್ಲೋ ಬೋರಿನ ಸುತ್ತ ಇಳಿಸಿದ ಕೇಸಿಂಗ್ ಪೈಪು ಒಡೆದಿದೆ. ಮೇಲಿನ ಕೊಳೆ ನೀರು ಒಳಗೆ ಜಿನುಗುತ್ತಿದೆ. ಪಂಪು ನಿಂತಷ್ಟು ಹೊತ್ತೂ ಅದು ಸೇರುತ್ತದೆ, ಅದಕ್ಕೇ ಬೆಳಿಗ್ಗೆ ಈ ವಾಸನೆ. ಪೈಪು ರಿಪೇರಿ ಮಾಡಿಸಿ, ಸಾಕು.”

ಹಾಗೇ ಆಯಿತು. ಪೈಪು ಸರಿಹೋಯಿತು, ನೀರು ಪರೀಕ್ಷೆಯಲ್ಲಿ ಪಾಸಾಯಿತು, ಸಿರಪ್ ಲೈನ್ ಓಡಿತು. ಆದರೆ ಅಷ್ಟರಲ್ಲಿ ಪತ್ರಿಕೆಯ ಮುಖಪುಟದಲ್ಲಿ ಕೆಸರಿನಲ್ಲಿ ಮಲಗಿದ ರಾಯಭಾರಿಯ ಚಿತ್ರ ಅಚ್ಚಾಗಿತ್ತು. ‘ಪಾತಾಳದ ಜತೆ ಉನ್ನತ ಮಟ್ಟದ ಮಾತುಕತೆ’ ಎಂದು ಅದರ ಕೆಳಗೆ ಬರೆದಿದ್ದರು. ನೈರೋಬಿಯೆಲ್ಲ ನಕ್ಕಿತು. ಸನಾದ ವಿದೇಶಾಂಗ ಕಚೇರಿ ನಗಲಿಲ್ಲ. ಕೂಡಲೇ ಹೊರಟು ಬಂದು ವಿವರಣೆ ಕೊಡಬೇಕೆಂಬ ಫ್ಯಾಕ್ಸ್ ಬಂತು.

ಕಾತ್ಯಾಯಿನಿಗೆ ಊಟ ಸೇರಲಿಲ್ಲ. “ನನ್ನಿಂದಲೇ ಆಗಿದ್ದು ಪ್ರೊಫೆಸರ್. ನಾನು ಬಾಯಿ ಬಿಡದೇ ಇದ್ದಿದ್ದರೆ...”

“ಬಾಯಿ ಬಿಡದೇ ಇದ್ದಿದ್ದರೆ ನಾನು ಆ ದಿನ ಔತಣದ ಕೋಳಿಯ ಜತೆ ಎರಡು ತಾಸು ಕೂತಿರಬೇಕಿತ್ತು,” ಎಂದು ಅವರು ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬತೊಡಗಿದರು. “ಕೆಲಸದಿಂದ ತೆಗೆದರೆ ಒಳ್ಳೆಯದೇ ಆಯಿತು. ಮತ್ತೆ ಕ್ಲಾಸಿಗೆ ಹೋಗುತ್ತೇನೆ.” ಅವರ ಸಿಳ್ಳೆ ಕಾರಿಡಾರಿಗೆಲ್ಲ ಕೇಳಿಸುತ್ತಿತ್ತು.

ಅದೇ ವಾರ ಸನಾದಲ್ಲಿ ಮಂತ್ರಿಮಂಡಲ ಬದಲಾಯಿತು. ಹೊಸ ಪ್ರಧಾನಿಯ ಕಚೇರಿಯಿಂದ ಫೋನ್ ಬಂದಾಗ ಕಾತ್ಯಾಯಿನಿ ಎದುರಿಗೇ ಇದ್ದಳು. ಪ್ರೊಫೆಸರ್ ಅರಬ್ಬಿಯಲ್ಲಿ ‘ನಅಂ, ನಅಂ’ ಎಂದು ಹೌದುಗುಟ್ಟುತ್ತ ಕೇಳಿದರು. ಸಿಳ್ಳೆ ಹಾಕುತ್ತಿದ್ದ ಮನುಷ್ಯ ರಿಸೀವರ್ ಇಡುವಾಗ ಸುಣ್ಣದ ಹಾಗೆ ಬೆಳ್ಳಗಾಗಿದ್ದರು.

“ತೆಗೆದುಬಿಟ್ಟರೇ?” ಎಂದಳು.

“ಅದಕ್ಕಿಂತ ಕೆಟ್ಟ ಸುದ್ದಿ. ನೀರಿನ ಖಾತೆಯ ಮಂತ್ರಿಯಾಗು ಅನ್ನುತ್ತಿದ್ದಾರೆ. ಆ ಫೋಟೋ ಪ್ರಧಾನಿಯ ಮೇಜಿನ ಮೇಲಿದೆಯಂತೆ. ‘ನನ್ನ ಸುತ್ತ ಇರುವವರೆಲ್ಲ ಮಾತಾಡುವವರು, ಮಲಗಿ ಕೇಳುವವನು ನೀನೊಬ್ಬ ಸಿಕ್ಕೆ’ ಅಂದರು.” ಅವರು ಪುಸ್ತಕದ ಪೆಟ್ಟಿಗೆಯ ಮೇಲೆ ಕುಸಿದು ಕೂತರು. “ಮೇಡಂ ಕಾತ್ಯಾ, ಹದಿನೈದು ವರ್ಷ ಆ ಖಾತೆಯ ವಿರುದ್ಧ ಬರೆದವನು ನಾನು. ಇನ್ನು ಯಾರ ವಿರುದ್ಧ ಬರೆಯಲಿ?”

“ನೀವು ಯಾಕೆ ಬರೀಬೇಕು? ನಿಮ್ಮ ವಿರುದ್ಧ ಬರೆಯೋದಕ್ಕೆ ನಿಮ್ಮ ಶಿಷ್ಯರಿದ್ದಾರಲ್ಲ!”

ಪ್ರೊಫೆಸರ್ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ನಿಲ್ಲುವ ಮೊದಲೇ ಫೋನ್ ಎತ್ತಿ ಒಪ್ಪಿಗೆ ಹೇಳಿಬಿಟ್ಟರು, ನಗು ನಿಂತರೆ ಧೈರ್ಯ ಹೋಗಿಬಿಡುತ್ತದೋ ಎಂಬಂತೆ.

ಹೊರಡುವ ಹಿಂದಿನ ಭಾನುವಾರ ಪ್ರೊಫೆಸರ್ ಲಂಗಾಟಾದಲ್ಲಿದ್ದ ಕಾತ್ಯಾಯಿನಿಯ ಮನೆಗೆ ಊಟಕ್ಕೆ ಬಂದರು. ಬಿಸಿಬೇಳೆ ಬಾತ್ ಎರಡು ಸಲ ಹಾಕಿಸಿಕೊಂಡು, ಬೆವರು ಒರೆಸಿಕೊಳ್ಳುತ್ತ, ಕಾತ್ಯಾಯಿನಿಯ ಮಗಳು ಪ್ರೇರಣಾಳಿಗೆ ನೆಲದೊಳಗೆ ನೀರು ಹೇಗೆ ನಡೆದಾಡುತ್ತದೆಂದು ಸಕ್ಕರೆ, ಸ್ಪಂಜು ಇಟ್ಟು ತೋರಿಸಿದರು. “ಮಮ್ಮೀ, ಹೀ ಈಸ್ ಬೆಟರ್ ದ್ಯಾನ್ ಮೈ ಟೀಚರ್,” ಎಂದಳು ಹುಡುಗಿ. ರಾಯಭಾರಿಯಾಗಿದ್ದಷ್ಟು ಕಾಲವೂ ಯಾವ ಹೊಗಳಿಕೆಗೂ ಅವರು ಹಾಗೆ ಕೆಂಪಾದದ್ದನ್ನು ಕಾತ್ಯಾಯಿನಿ ಕಂಡಿರಲಿಲ್ಲ.

ಮುಂದಿನ ವರ್ಷ ಒಂದು ಮಧ್ಯಾಹ್ನ ಅವಳು ಮಟಾಟುವಿನಲ್ಲಿ ಹಾಡಿನ ಗದ್ದಲದ ನಡುವೆ ಕೂತಿದ್ದಾಗ ಮೊಬೈಲ್ ಅರಚಿತು. ಆ ಕಡೆಯಿಂದ ಗಾಳಿ, ಆಡುಗಳ ಸದ್ದು.

“ಮೇಡಂ ಕಾತ್ಯಾ! ಬೆಟ್ಟದ ಹಳ್ಳಿಯೊಂದರಲ್ಲಿದ್ದೇನೆ. ಹಳೆಯ ಮಳೆನೀರಿನ ಕೊಳದ ಹೂಳು ತೆಗೆಸಿದೆವು, ಇವತ್ತು ತುಂಬಿದೆ. ನಾನು ಭಾಷಣ ಶುರುಮಾಡಿದ್ದೇ, ಒಬ್ಬ ಅಜ್ಜಿ ಬಂದು, ‘ಮಂತ್ರಿ, ಪಕ್ಕಕ್ಕೆ ಸರಿ, ಬಿಂದಿಗೆ ಮುಳುಗಿಸಬೇಕು’ ಅಂದುಬಿಟ್ಟಳು!”

“ನೀವೇನು ಮಾಡಿದಿರಿ?”

“ಸರಿದೆ. ಅವಳ ಹಿಂದೆ ಊರಿಗೆ ಊರೇ ನಿಂತಿದೆ. ಈಗ ನಾನೂ ಸಾಲಿನಲ್ಲಿದ್ದೇನೆ, ಬಾಯಾರಿಕೆ ಆಗಿದೆ.”

ಕಾತ್ಯಾಯಿನಿ ಜೋರಾಗಿ ನಕ್ಕಳು. ಪಕ್ಕದಲ್ಲಿ ಕೂತಿದ್ದ ಅಪರಿಚಿತ ಹೆಂಗಸಿಗೆ ಕಾರಣ ಏನೂ ತಿಳಿಯಲಿಲ್ಲ. ಆದರೂ ಅವಳೂ ನಕ್ಕಳು.