ಪೆನ್ಸಿಲ್ಲಿನಲ್ಲಿ ಬರೆದ ತಾರೀಖು

ಫ್ಯಾನಿನ ಗಾಳಿಗೆ ಡೈರಿಯ ಹಾಳೆ ಏಳುತ್ತದೆ, ಮಲಗುತ್ತದೆ, ಮತ್ತೆ ಏಳುತ್ತದೆ, ಮೇಲೆ ಏನಾದರೂ ಭಾರ ಇಡಬೇಕು ಅಂದುಕೊಂಡ ಗುಮಾಸ್ತೆ ಇಡುವುದಿಲ್ಲ, ಕೈ ಮಡಿಲಲ್ಲೇ ಇದೆ, ನಾಳೆ ವಕೀಲರಿಗೆ ಹನ್ನೊಂದಕ್ಕೆ ಮೇಲಿನ ಕೋರ್ಟು, ಹನ್ನೊಂದಕ್ಕೇ ಕೆಳಗಿನ ಕೋರ್ಟಿನಲ್ಲಿ ಸಾಕ್ಷಿ — ಮನುಷ್ಯ ಒಬ್ಬ, ಕೋರ್ಟು ಎರಡು, ಈ ಗಂಟು ಬಿಡಿಸುವುದೇ ಹದಿನಾಲ್ಕು ವರ್ಷದಿಂದ ಅವಳ ಕಸುಬು, ಕದಲಿಸಲಾಗದ್ದು ಪೆನ್ನಿನಲ್ಲಿ, ಕದಲಿಸಬಹುದಾದ್ದು ಪೆನ್ಸಿಲ್ಲಿನಲ್ಲಿ, ಪೆನ್ಸಿಲ್ಲಿನದನ್ನು ಅಳಿಸಿ ಜೂನಿಯರನ್ನು ಓಡಿಸಿದರೆ ಮುಗಿಯಿತು, ಸ್ವಾಮಿ, ನಮ್ಮ ಸೀನಿಯರ್ ಇನ್ನೊಂದು ಕೋರ್ಟಲ್ಲಿದ್ದಾರೆ, ಒಂದು ವಾಯಿದೆ ಕೊಡಿ, ಅಂದರೆ ಸಾಕು, ಕೇಸು ಮುಂದಿನ ತಾರೀಖಿಗೆ, ಕಕ್ಷಿದಾರರು ಹಾರಾಡುತ್ತಾರೆ, ಹಾರಾಡದವರು ಯಾರೋ ನೋಡಿ ಅವರ ಕೇಸನ್ನೇ ಮುಂದಕ್ಕೆ ತಳ್ಳಬೇಕು, ಅದೇ ಗುಟ್ಟು, ಹಾರಾಡದವಳು ಒಬ್ಬಳಿದ್ದಳು, ಈ ಗುಮಾಸ್ತೆಯೇ, ಬೇರೆ ಯಾರು — ಅವಳ ಮಗಳು ಅಪ್ಪನ ಹತ್ತಿರವೋ ಅಮ್ಮನ ಹತ್ತಿರವೋ ಅನ್ನುವ ಕೇಸು, ನಾನೇ ನಡೆಸ್ತೀನಿ ಬಿಡಮ್ಮಾ, ನೀನು ಮನೆಯವಳಿದ್ದ ಹಾಗೆ, ಅಂದಿದ್ದರು ವಕೀಲರು, ಮನೆಯವಳು, ಅದಕ್ಕೇ ಪೆನ್ಸಿಲ್.

ಮೊದಲ ಸಲ ಸಕ್ಕರೆ ಕಾರ್ಖಾನೆಯವರ ಮೊಕದ್ದಮೆ ಅಡ್ಡ ಬಂತು, ಸರ್, ನಮ್ಮದೇ ಮುಂದಕ್ಕೆ ಹೋಗಲಿ, ಅವಳ ಬಾಯಿಂದಲೇ ಬಂದ ಮಾತು, ಅಂದು ರಸ್ತೆ ದಾಟಿ ಓಡಿದಾಗ ಕೋರ್ಟಿನ ಹೊರಗಿನ ಬೆಂಚಿನ ಮೇಲೆ ಅಪ್ಪನ ಪಕ್ಕ ಮಗಳು, ನೆಲದಿಂದ ನಾಲ್ಕು ಬೆರಳು ಮೇಲೆ ತೂಗುವ ಎರಡು ಬೂಟು, ಅಮ್ಮಾ, ಇವತ್ತು ನಮ್ಮನ್ನ ಕರೆಯಲ್ವಾ, ಇಲ್ಲ ಪುಟ್ಟೀ, ಮುಂದಿನ ಸಲ — ಎರಡನೆಯ ಸಲ ಅಣ್ಣತಮ್ಮಂದಿರ ಜಮೀನು, ಮೂರನೆಯದು ಯಾವುದು, ನೆನಪಿಲ್ಲ, ರಬ್ಬರಿನ ಪುಡಿ ಊದಿದ್ದು ಮಾತ್ರ ನೆನಪಿದೆ, ನಾಲ್ಕನೆಯ ಸಲ ಮಗಳು ಏನನ್ನೂ ಕೇಳಲಿಲ್ಲ, ಬೂಟಿನ ತುದಿ ನೆಲ ಸವರುತ್ತಿತ್ತು. ದೀಪದ ಬುಡದಲ್ಲಿ ಕತ್ತಲೆ ಅಂತ ಜೂನಿಯರ್ ಒಮ್ಮೆ ನಗುತ್ತಾ ಹೇಳಿದ್ದಳು, ಅಕ್ಕಾ, ಊರೋರ ತಾರೀಖೆಲ್ಲ ಕಾಯ್ತೀರಿ, ನಿಮ್ಮದು ಯಾವಾಗ, ಇವಳೂ ನಕ್ಕಿದ್ದಳು.

ತನ್ನ ಇವತ್ತಿನ ತಾರೀಖನ್ನು ಪೆನ್ನಿನಲ್ಲೇ ಬರೆದಿದ್ದಳು, ಒತ್ತಿ, ಎರಡು ಗೆರೆ ಎಳೆದು, ವಕೀಲರೂ ಬಂದರು, ಚೆನ್ನಾಗಿಯೇ ವಾದಿಸಿದರು, ನ್ಯಾಯಾಧೀಶರು ಫೈಲು ಮಗುಚಿದರು, ಎರಡು ವರ್ಷದಲ್ಲಿ ನಾಲ್ಕು ವಾಯಿದೆ, ನಾಲ್ಕೂ ತಾಯಿ ಕಡೆಯವರೇ ಕೇಳಿದ್ದು, ಮಗು ತಂದೆ ಮನೆಗೆ ಒಗ್ಗಿಕೊಂಡಿದೆ, ಅಲ್ಲೇ ಇರಲಿ, ಅಷ್ಟೆ, ಮುಂದಿನ ಕೇಸು ಕೂಗಿದರು. ಅಳು ಬರಬೇಕಿತ್ತು, ಬರಲಿಲ್ಲ, ರಸ್ತೆ ದಾಟಿ ಆಫೀಸಿಗೆ ಬಂದು ಕುರ್ಚಿಯಲ್ಲಿ ಕೂತಳು, ಏನೂ ಅನ್ನಿಸುತ್ತಿಲ್ಲ, ಅದಕ್ಕೇ ಹೆದರಿಕೆ, ಫೋನು ಬಡಿದುಕೊಳ್ಳುತ್ತಿದೆ, ಹಲೋ, ನಮ್ಮ ಕೇಸು ಯಾವಾಗಮ್ಮಾ, ಮುಂದಿನ ವಾರ ಸರ್, ದನಿ ಎಷ್ಟು ನೆಟ್ಟಗಿದೆ, ಒಳಗಿನ ಕೋಣೆಯಿಂದ ವಕೀಲರು, ಅಪೀಲು ಹಾಕೋಣಮ್ಮಾ, ಎದೆಗುಂದಬೇಡ, ನಾನು ಯಾವ ದಿನ ಖಾಲಿ ಇದೀನಿ ನೋಡು, ನೋಡುತ್ತಾಳೆ, ಹಾಳೆ ಏಳುತ್ತದೆ, ಮಲಗುತ್ತದೆ, ಕೈ ತಾನಾಗಿ ಪೆನ್ಸಿಲ್ ಎತ್ತಿಕೊಂಡಿದೆ — ಕಣ್ಣ ಮುಂದೆ ಇವತ್ತಿನ ಬೆಂಚು, ಬೆಂಚಿನ ಕೆಳಗೆ ಎರಡು ಬೂಟು, ತೂಗುತ್ತಿಲ್ಲ, ನೆಲಕ್ಕೆ ಪೂರ್ತಿ ಊರಿಕೊಂಡಿವೆ.